ಟೆಲ್ಟೊ ಜಿಲ್ಲೆ (ಜರ್ಮನಿ)

ಟೆಲ್ಟೊ ಜಿಲ್ಲೆ (ಜರ್ಮನ್ ಭಾಷೆಯಲ್ಲಿ ಕ್ರೈಸ್ ಟೆಲ್ಟೊ, 1939ರಿಂದ ಲಾಂಡ್‌ಕ್ರೈಸ್ ಟೆಲ್ಟೊ) ಬರ್ಲಿನ್ ನಗರದ ದಕ್ಷಿಣಕ್ಕೆ, ಬ್ರಾಂಡೆನ್‌ಬರ್ಗ್ ಪ್ರಾಂತ್ಯದಲ್ಲಿ 1952ರವರೆಗೆ ಅಸ್ತಿತ್ವದಲ್ಲಿದ್ದ ಗ್ರಾಮೀಣ ಆಡಳಿತ ಜಿಲ್ಲೆಯಾಗಿದೆ. ಇಂದಿನ ಬರ್ಲಿನ್ ನಗರದ ದಕ್ಷಿಣ ಭಾಗದ ಬಹುಪಾಲು ಬಡಾವಣೆಗಳು, ಅಂದರೆ ಶಾರ್ಲೊಟೆನ್‌ಬರ್ಗ್, ಶೋನೆಬರ್ಗ್, ನೊಯ್‌ಕೋಲ್ನ್, ಸ್ಟೆಗ್ಲಿಟ್ಸ್, ತ್ಸೇಲೆನ್‌ಡೋರ್ಫ್, ಟೆಂಪೆಲ್‌ಹೋಫ್, ಕೋಪೆನಿಕ್ ಮೊದಲಾದವು, ಒಂದು ಕಾಲಕ್ಕೆ ಈ ಜಿಲ್ಲೆಯ ಹಳ್ಳಿಗಳು ಅಥವಾ ಸಣ್ಣ ಪಟ್ಟಣಗಳಾಗಿದ್ದವು. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಪ್ರಷ್ಯಾದ ಶ್ರೀಮಂತ ಗ್ರಾಮೀಣ ಜಿಲ್ಲೆಗಳಲ್ಲಿ ಒಂದೆನಿಸಿದ್ದ ಟೆಲ್ಟೊ, ತನ್ನದೇ ಬೆಳವಣಿಗೆಯ ಫಲವಾಗಿ ತನ್ನ ನೆಲವನ್ನು ತುಂಡು ತುಂಡಾಗಿ ನಗರಗಳಿಗೆ ಬಿಟ್ಟುಕೊಟ್ಟಿತು. ಮೊದಲ ಮಹಾಯುದ್ಧದ ಕಾಲದಲ್ಲಿ ಭಾರತೀಯ ಸೈನಿಕರನ್ನು ಸೆರೆಯಾಳುಗಳಾಗಿ ಇರಿಸಿದ್ದ ವ್ಯೂನ್ಸ್‌ಡೋರ್ಫ್ ಶಿಬಿರವೂ ಈ ಜಿಲ್ಲೆಯಲ್ಲಿಯೇ ಇತ್ತು.

ಹೆಸರು ಮತ್ತು ಭೂಪ್ರದೇಶ

'ಟೆಲ್ಟೊ' ಎಂಬ ಹೆಸರು ಮೂರು ಬೇರೆ ಬೇರೆ ವಸ್ತುಗಳಿಗೆ ಸಲ್ಲುವುದರಿಂದ ಓದುಗರಿಗೆ ಗೊಂದಲವಾಗುವುದುಂಟು. ಮೊದಲನೆಯದು, ಹಾಫೆಲ್, ಸ್ಪ್ರೇ, ದಾಮೆ ಮತ್ತು ನೂಟೆ ನದಿಗಳ ನಡುವೆ ಇರುವ, ಹಿಮಯುಗದ ಹಿಮನದಿಗಳು ಬಿಟ್ಟುಹೋದ ಮಣ್ಣಿನಿಂದಾದ ಸಾಧಾರಣ ಎತ್ತರದ ಬಯಲು. ಎರಡನೆಯದು, ಆ ಬಯಲಿನಲ್ಲಿರುವ, 1265ರಲ್ಲಿ ದಾಖಲೆಗಳಲ್ಲಿ ಮೊದಲು ಕಾಣಿಸಿಕೊಳ್ಳುವ ಟೆಲ್ಟೊ ಎಂಬ ಪುಟ್ಟ ಪಟ್ಟಣ. ಮೂರನೆಯದು, ಈ ಲೇಖನದ ವಿಷಯವಾದ ಜಿಲ್ಲೆ. ಪಟ್ಟಣವು ಜಿಲ್ಲೆಗೆ ಹೆಸರು ಕೊಟ್ಟಿದ್ದರೂ ಅದರ ಆಡಳಿತ ಕೇಂದ್ರವಾಗಿರಲಿಲ್ಲ. ಬ್ರಾಂಡೆನ್‌ಬರ್ಗ್ ಸೀಮೆಯ ಹಲವು ಊರುಗಳ ಹೆಸರುಗಳಂತೆ ಇಲ್ಲಿಯೂ ಬರವಣಿಗೆಯ ಕೊನೆಯಲ್ಲಿರುವ ಅಕ್ಷರವನ್ನು ಉಚ್ಚರಿಸುವುದಿಲ್ಲ. ಆದ್ದರಿಂದ 'ಟೆಲ್ಟೋವ್' ಎಂಬ ರೂಪ ಸರಿಯಲ್ಲ.

ಈ ಬಯಲಿನ ಮಣ್ಣು ಬಹುಮಟ್ಟಿಗೆ ಮರಳುಮಿಶ್ರಿತವಾದುದು. ರೈ ಧಾನ್ಯ ಮತ್ತು ಆಲೂಗಡ್ಡೆ ಇಲ್ಲಿನ ಸಾಮಾನ್ಯ ಬೆಳೆಗಳಾಗಿದ್ದರೆ, ಹೆಸರು ತಂದದ್ದು 'ಟೆಲ್ಟೊ ಗೆಡ್ಡೆ' ಎಂದು ಪ್ರಸಿದ್ಧವಾದ ಚಿಕ್ಕ ಗಾತ್ರದ, ಖಾರಮಿಶ್ರಿತ ಸಿಹಿರುಚಿಯ ಟರ್ನಿಪ್. ಕವಿ ಗಯಟೆಗೆ ಇದು ಬಹಳ ಪ್ರಿಯವಾಗಿತ್ತು; ಬರ್ಲಿನ್‌ನಲ್ಲಿದ್ದ ಅವನ ಸಂಗೀತಗಾರ ಗೆಳೆಯ ಕಾರ್ಲ್ ಫ್ರೀಡ್ರಿಖ್ ತ್ಸೆಲ್ಟರ್ ಇದನ್ನು ವೈಮಾರ್ ನಗರಕ್ಕೆ ಕಳುಹಿಸಿಕೊಡುತ್ತಿದ್ದನು.

ಜರ್ಮನ್ ಆಡಳಿತದಲ್ಲಿ 'ಲಾಂಡ್‌ಕ್ರೈಸ್' ಎಂದರೆ ಹಳ್ಳಿಗಳನ್ನೂ ಸಣ್ಣ ಪಟ್ಟಣಗಳನ್ನೂ ಒಳಗೊಂಡ ಗ್ರಾಮೀಣ ಜಿಲ್ಲೆ. ವಿಸ್ತಾರದಲ್ಲಿ ಅದು ನಮ್ಮ ಜಿಲ್ಲೆಗಿಂತ ಚಿಕ್ಕದು. ಒಂದೆರಡು ತಾಲ್ಲೂಕುಗಳಷ್ಟು ಎನ್ನಬಹುದು. ದೊಡ್ಡ ನಗರವೊಂದು ಯಾವ ಗ್ರಾಮೀಣ ಜಿಲ್ಲೆಗೂ ಸೇರದೆ ತಾನೇ ಒಂದು ಜಿಲ್ಲೆಯಾದಾಗ ಅದನ್ನು 'ಸ್ಟಾಟ್‌ಕ್ರೈಸ್', ಅಂದರೆ ನಗರ ಜಿಲ್ಲೆ, ಎಂದು ಕರೆಯುತ್ತಿದ್ದರು. ಟೆಲ್ಟೊ ಜಿಲ್ಲೆಯ ಇತಿಹಾಸವನ್ನು ಅರಿಯಲು ಈ ಭೇದ ಮುಖ್ಯವಾದುದು. ಊರು ಬೆಳೆದು ನಗರ ಜಿಲ್ಲೆಯಾಯಿತೆಂದರೆ ಗ್ರಾಮೀಣ ಜಿಲ್ಲೆಯು ಆ ಊರನ್ನೂ ಅದರಿಂದ ಬರುತ್ತಿದ್ದ ತೆರಿಗೆಯನ್ನೂ ಒಟ್ಟಿಗೆ ಕಳೆದುಕೊಳ್ಳುತ್ತಿತ್ತು.

ಹಿನ್ನೆಲೆ

ಹನ್ನೆರಡನೆಯ ಶತಮಾನದವರೆಗೆ ಈ ಸೀಮೆಯಲ್ಲಿ ಸ್ಲಾವ್ ಜನಾಂಗಗಳು ವಾಸವಾಗಿದ್ದವು. ಕೋಪೆನಿಕ್‌ನ ಕೋಟೆಯಿಂದ ಆಳುತ್ತಿದ್ದ ಯಾಕ್ಸಾ ಎಂಬ ರಾಜನ ನಾಣ್ಯಗಳು ಇಂದಿಗೂ ದೊರೆಯುತ್ತವೆ. ಆ ಬಳಿಕ ಜರ್ಮನ್ ಒಡೆಯರು ಪೂರ್ವಕ್ಕೆ ಸರಿಯುತ್ತ ಬಂದಂತೆ, ಈ ಬಯಲಿಗಾಗಿ ಬ್ರಾಂಡೆನ್‌ಬರ್ಗ್‌ನ ಅಸ್ಕೇನಿಯ ವಂಶದ ಸಹೋದರರಾದ ಒಂದನೆಯ ಯೋಹಾನ್ ಮತ್ತು ಮೂರನೆಯ ಓಟೊ ಒಂದು ಕಡೆ, ಮೈಸೆನ್‌ನ ಒಡೆಯರು ಮತ್ತು ಮಾಗ್ಡೆಬುರ್ಗ್‌ನ ಆರ್ಚ್‌ಬಿಷಪ್ ಇನ್ನೊಂದು ಕಡೆ ನಿಂತು 1239ರಿಂದ 1245ರವರೆಗೆ ಹೋರಾಡಿದರು. ಟೆಲ್ಟೊ ಯುದ್ಧವೆಂದು ಕರೆಯಲಾಗುವ ಈ ಕಾಳಗದ ಕೊನೆಯಲ್ಲಿ ಇಡೀ ಬಯಲು ಬ್ರಾಂಡೆನ್‌ಬರ್ಗ್‌ಗೆ ಸೇರಿತು. ಟೆಂಪೆಲ್‌ಹೋಫ್, ಮರಿಯೆನ್‌ಡೋರ್ಫ್, ಮರಿಯೆನ್‌ಫೆಲ್ಡೆ ಎಂಬ ಹಳ್ಳಿಗಳನ್ನು ನೆಲೆಗೊಳಿಸಿದವರು ಟೆಂಪ್ಲರ್ ಪಂಥದ ಕ್ರೈಸ್ತ ಯೋಧರು. ಮೊದಲ ಹಳ್ಳಿಯ ಹೆಸರಿನಲ್ಲಿಯೇ ಅವರ ಗುರುತು ಉಳಿದಿದೆ.

ಹದಿನೆಂಟನೆಯ ಶತಮಾನದಲ್ಲಿ ಪ್ರಷ್ಯಾದ ಅರಸರು ಜನವಿರಳವಾಗಿದ್ದ ಈ ಭಾಗದಲ್ಲಿ ಹೊರಗಿನವರನ್ನು ಕರೆತಂದು ನೆಲೆಗೊಳಿಸಿದರು. ಧರ್ಮದ ಕಾರಣಕ್ಕಾಗಿ ಬೊಹೀಮಿಯವನ್ನು ತೊರೆದು ಬಂದ ಪ್ರೊಟೆಸ್ಟೆಂಟರಿಗೆ 1737ರಲ್ಲಿ ರಿಕ್ಸ್‌ಡೋರ್ಫ್‌ನಲ್ಲಿ ಜಾಗ ದೊರೆಯಿತು. 1751ರಲ್ಲಿ ಎರಡನೆಯ ಫ್ರೀಡ್ರಿಖ್ ಅರಸನು ಪೋಟ್ಸ್‌ಡಾಮ್ ಬಳಿ ನೋವಾವೆಸ್ ಎಂಬ ನೇಕಾರರ ಊರನ್ನು ಸ್ಥಾಪಿಸಿದನು. ಅವನ ತಂದೆ ಒಂದನೆಯ ಫ್ರೀಡ್ರಿಖ್ ವಿಲ್ಹೆಲ್ಮ್ ಬೇಟೆಯ ಕಾಲವನ್ನು ಕಳೆಯುತ್ತಿದ್ದ ಅರಮನೆ ಜಿಲ್ಲೆಯ ಪೂರ್ವದ ಕೋನಿಗ್ಸ್ ವುಸ್ಟರ್‌ಹೌಸೆನ್‌ನಲ್ಲಿದೆ. 1813ರ ಆಗಸ್ಟ್ 23ರಂದು ಬರ್ಲಿನ್‌ನತ್ತ ಬರುತ್ತಿದ್ದ ನೆಪೋಲಿಯನ್ನನ ಸೇನೆಯನ್ನು ಜನರಲ್ ಬ್ಯೂಲೊ ನಾಯಕತ್ವದ ಪ್ರಷ್ಯನ್ ಪಡೆ ತಡೆದದ್ದು ಈ ಬಯಲಿನ ಗ್ರೋಸ್‌ಬೇರೆನ್ ಹಳ್ಳಿಯಲ್ಲಿ.

ಜಿಲ್ಲೆಯ ರಚನೆ

ಟೆಲ್ಟೊ ಎಂಬ ಹೆಸರಿನ ಆಡಳಿತ ವಿಭಾಗ ಹಳೆಯ ಬ್ರಾಂಡೆನ್‌ಬರ್ಗ್‌ನಲ್ಲಿಯೂ ಇದ್ದಿತು. ನೆಪೋಲಿಯನ್ನನ ಪತನದ ನಂತರ ಪ್ರಷ್ಯಾವು ತನ್ನ ಆಡಳಿತವನ್ನು ಹೊಸದಾಗಿ ಕಟ್ಟಿಕೊಂಡಾಗ, ಪೋಟ್ಸ್‌ಡಾಮ್ ಆಡಳಿತ ವಿಭಾಗದಡಿಯಲ್ಲಿ ಟೆಲ್ಟೊ ಮತ್ತು ಅದರ ಆಗ್ನೇಯಕ್ಕಿದ್ದ ಸ್ಟೋರ್ಕೊ ಸೀಮೆಗಳನ್ನು ಸೇರಿಸಿ ಟೆಲ್ಟೊ-ಸ್ಟೋರ್ಕೊ ಜಿಲ್ಲೆಯನ್ನು ರಚಿಸಲಾಯಿತು. ಈ ಜೋಡಣೆ ಬಹುಕಾಲ ಬಾಳಲಿಲ್ಲ. 1830ರ ದಶಕದ ಮಧ್ಯದಲ್ಲಿ ಸ್ಟೋರ್ಕೊ ಭಾಗವನ್ನು ಬೇಸ್ಕೊ ಸೀಮೆಯೊಂದಿಗೆ ಕೂಡಿಸಲಾಯಿತು. ಉಳಿದುದು ಟೆಲ್ಟೊ ಜಿಲ್ಲೆಯಾಯಿತು. ಟೆಲ್ಟೊ, ತ್ಸೋಸೆನ್, ಮಿಟೆನ್‌ವಾಲ್ಡೆ, ಟ್ರೆಬಿನ್, ಟೊಯ್ಪಿಟ್ಸ್, ಕೋಪೆನಿಕ್ ಮತ್ತು ಶಾರ್ಲೊಟೆನ್‌ಬರ್ಗ್ ಅದರ ಪಟ್ಟಣಗಳಾಗಿದ್ದವು. ಮಿಕ್ಕಂತೆ ಹಳ್ಳಿಗಳು ಮತ್ತು ಜಮೀನ್ದಾರರ ಎಸ್ಟೇಟುಗಳು.

ಜಿಲ್ಲೆಯ ಮುಖ್ಯಾಧಿಕಾರಿಯನ್ನು 'ಲಾಂಡ್‌ರಾಟ್' ಎಂದು ಕರೆಯುತ್ತಿದ್ದರು. ಅವನು ಅರಸನಿಂದ ನೇಮಕಗೊಂಡ ಸರ್ಕಾರಿ ಅಧಿಕಾರಿಯೂ ಹೌದು, ಜಿಲ್ಲೆಯ ಸ್ವಯಮಾಡಳಿತದ ಮುಖ್ಯಸ್ಥನೂ ಹೌದು. ಅವನು ಸಾಮಾನ್ಯವಾಗಿ ಕುಲೀನ ಮನೆತನದವನಾಗಿರುತ್ತಿದ್ದನು. ಜಿಲ್ಲಾ ಸಭೆಯಲ್ಲಿ ಪ್ರತಿಯೊಬ್ಬ ಎಸ್ಟೇಟು ಒಡೆಯನಿಗೂ ಹುಟ್ಟಿನಿಂದ ಬಂದ ಹಕ್ಕಿನಂತೆ ಒಂದೊಂದು ಸ್ಥಾನವಿದ್ದರೆ, ಜಿಲ್ಲೆಯ ರೈತರಿಗೆಲ್ಲ ಸೇರಿ ಬೆರಳೆಣಿಕೆಯ ಪ್ರತಿನಿಧಿಗಳಿದ್ದರು. 1872ರ ಡಿಸೆಂಬರ್‌ನಲ್ಲಿ ಪ್ರಷ್ಯಾದ ಪೂರ್ವ ಪ್ರಾಂತ್ಯಗಳಿಗಾಗಿ ಬಂದ ಜಿಲ್ಲಾ ಕಾನೂನು ಈ ಏರ್ಪಾಡನ್ನು ಬದಲಿಸಿತು. ಎಸ್ಟೇಟು ಒಡೆಯರಿಗೆ ತಮ್ಮ ಹಳ್ಳಿಗಳ ಮೇಲಿದ್ದ ಪೊಲೀಸ್ ಅಧಿಕಾರ ರದ್ದಾಯಿತು. ಆಯ್ಕೆಯಾದ ಜಿಲ್ಲಾ ಸಮಿತಿ ಆಡಳಿತದಲ್ಲಿ ಪಾಲುಗೊಂಡಿತು. ರಸ್ತೆ, ಆಸ್ಪತ್ರೆ ಮುಂತಾದ ಕೆಲಸಗಳಿಗೆ ಜಿಲ್ಲೆಯು ತಾನೇ ಹಣ ಎತ್ತಿ ಖರ್ಚು ಮಾಡುವ ದಾರಿ ತೆರೆಯಿತು. ಇದೇ ಕಾನೂನು, ಜನಸಂಖ್ಯೆ 25,000 ದಾಟಿದ ಪಟ್ಟಣವು ಜಿಲ್ಲೆಯಿಂದ ಬೇರ್ಪಟ್ಟು ನಗರ ಜಿಲ್ಲೆಯಾಗಲೂ ಅವಕಾಶ ಮಾಡಿಕೊಟ್ಟಿತು. ಟೆಲ್ಟೊ ಜಿಲ್ಲೆಯ ಬಲವೂ ಅದರ ಮುಂದಿನ ನಷ್ಟವೂ ಒಂದೇ ಕಾನೂನಿನಿಂದ ಹೊರಟವೆನ್ನಲು ಅಡ್ಡಿಯಿಲ್ಲ.

ಆಡಳಿತ ಕಚೇರಿಯು ಜಿಲ್ಲೆಯೊಳಗೆ ಇರದೆ ಬರ್ಲಿನ್ ನಗರದಲ್ಲಿತ್ತು. ಬರ್ಲಿನ್ ಪ್ರತ್ಯೇಕ ನಗರ ಜಿಲ್ಲೆಯಾಗಿದ್ದುದರಿಂದ, ಟೆಲ್ಟೊ ಜಿಲ್ಲೆ ತನ್ನ ಗಡಿಯ ಹೊರಗಿನಿಂದ ಆಳಿಸಿಕೊಳ್ಳುತ್ತಿತ್ತು. ಎಲ್ಲ ರಸ್ತೆಗಳೂ ರೈಲು ಮಾರ್ಗಗಳೂ ರಾಜಧಾನಿಯಲ್ಲಿ ಕೂಡುತ್ತಿದ್ದುದರಿಂದ ಜಿಲ್ಲೆಯ ಬಹುತೇಕ ಜನರಿಗೆ ಟೆಲ್ಟೊ ಪಟ್ಟಣಕ್ಕಿಂತ ಬರ್ಲಿನ್ ತಲುಪುವುದು ಸುಲಭವಾಗಿತ್ತು. ಬರ್ಲಿನ್‌ನ ವಿಕ್ಟೋರಿಯಾ ಬೀದಿಯಲ್ಲಿ 1890-91ರಲ್ಲಿ ವಾಸ್ತುಶಿಲ್ಪಿ ಫ್ರಾಂಟ್ಸ್ ಶ್ವೆಖ್ಟೆನ್ ಜಿಲ್ಲಾ ಭವನವನ್ನು ಕಟ್ಟಿದನು. ಕೈಸರ್ ವಿಲ್ಹೆಲ್ಮ್ ಸ್ಮಾರಕ ಚರ್ಚನ್ನು ನಿರ್ಮಿಸಿದವನೂ ಇವನೇ. ನಗರದ ಉತ್ತರಕ್ಕಿದ್ದ ನೀಡರ್‌ಬಾರ್ನಿಮ್ ಜಿಲ್ಲೆಯ ಕಚೇರಿಯೂ ಇದೇ ರೀತಿ ಬರ್ಲಿನ್‌ನಲ್ಲಿತ್ತು.

ರೈಲು, ಬಂಗಲೆಗಳು ಮತ್ತು ಹೊಸ ಯಂತ್ರಗಳು

ಪ್ರಷ್ಯಾದ ಮೊದಲ ರೈಲು ಮಾರ್ಗವು 1838ರಲ್ಲಿ ಪೋಟ್ಸ್‌ಡಾಮ್ ಮತ್ತು ಬರ್ಲಿನ್ ನಡುವೆ ತೆರೆದಾಗ ಅದು ಹಾದುಹೋದದ್ದು ಈ ಜಿಲ್ಲೆಯ ತ್ಸೇಲೆನ್‌ಡೋರ್ಫ್ ಮತ್ತು ಸ್ಟೆಗ್ಲಿಟ್ಸ್ ಹಳ್ಳಿಗಳ ಮೂಲಕ. ಮುಂದೆ ಆನ್‌ಹಾಲ್ಟ್, ಗೋರ್ಲಿಟ್ಸ್ ಮತ್ತು ಡ್ರೆಸ್ಡೆನ್ ಕಡೆಗಿನ ಮಾರ್ಗಗಳೂ ಜಿಲ್ಲೆಯನ್ನು ದಾಟಿಹೋದವು. ನಿಲ್ದಾಣವಿದ್ದ ಹಳ್ಳಿಯ ಹೊಲ ಮನೆ ನಿವೇಶನವಾಯಿತು. 1865ರಿಂದ ಲಿಖ್ಟರ್‌ಫೆಲ್ಡೆಯಲ್ಲಿ ಎಸ್ಟೇಟುಗಳನ್ನು ಕೊಂಡು ಬಂಗಲೆಗಳ ಬಡಾವಣೆಯನ್ನು ಬೆಳೆಸಿದ ಯೋಹಾನ್ ಕಾರ್ಸ್ಟೆನ್ ಎಂಬ ಉದ್ಯಮಿ, ಸೈನ್ಯದ ಕೆಡೆಟ್ ಶಾಲೆ ಅಲ್ಲಿಗೆ ಬರಲೆಂದು ಜಾಗವನ್ನು ದಾನವಾಗಿ ಕೊಟ್ಟನು. ಶೋನೆಬರ್ಗ್‌ನ ರೈತರು ಹೊಲಗಳನ್ನು ಮಾರಿ ಎಷ್ಟು ಸಿರಿವಂತರಾದರೆಂದರೆ 'ಲಕ್ಷಾಧೀಶ ರೈತರು' ಎಂಬರ್ಥದ ಹೆಸರೇ ಅವರಿಗೆ ಅಂಟಿಕೊಂಡಿತು. 1870ರಿಂದ 1885ರವರೆಗೆ ಲಾಂಡ್‌ರಾಟ್ ಆಗಿದ್ದ ರಾಜಕುಮಾರ ನಿಕೋಲಾಸ್ ಹಾಂಡ್ಯೇರಿಯ ಕಾಲದಲ್ಲಿ ಈ ಬೆಳವಣಿಗೆ ವೇಗ ಪಡೆಯಿತು.

ರಾಜಧಾನಿಗೆ ಹತ್ತಿರವಾಗಿದ್ದು ತೆರೆದ ಬಯಲೂ ಇದ್ದುದರಿಂದ ಹೊಸ ಯಂತ್ರಗಳ ಪರೀಕ್ಷೆಗೆ ಇಲ್ಲಿ ಜಾಗ ಸಿಗುತ್ತಿತ್ತು. ವರ್ನರ್ ಫಾನ್ ಸೀಮೆನ್ಸ್ ನಿರ್ಮಿಸಿದ, ಪ್ರಪಂಚದ ಮೊದಲ ವಿದ್ಯುತ್ ಟ್ರಾಮ್ ಎಂದು ಪರಿಗಣಿತವಾದ ಬಂಡಿ 1881ರ ಮೇ 16ರಂದು ಲಿಖ್ಟರ್‌ಫೆಲ್ಡೆಯಲ್ಲಿ ಓಡಲಾರಂಭಿಸಿತು; ರೈಲು ನಿಲ್ದಾಣದಿಂದ ಕೆಡೆಟ್ ಶಾಲೆಗೆ ಸುಮಾರು ಎರಡೂವರೆ ಕಿಲೋಮೀಟರ್ ಅದರ ದಾರಿ. ಅದೇ ಲಿಖ್ಟರ್‌ಫೆಲ್ಡೆಯಲ್ಲಿ 1894ರಲ್ಲಿ ಓಟೊ ಲಿಲಿಯೆಂಟಾಲ್ ತನ್ನ ಗ್ಲೈಡರ್ ಹಾರಾಟಕ್ಕೆಂದು ಮಣ್ಣಿನ ಗುಡ್ಡವೊಂದನ್ನು ಕಟ್ಟಿಸಿದನು. ಮರಿಯೆನ್‌ಫೆಲ್ಡೆಯಿಂದ ತ್ಸೋಸೆನ್‌ವರೆಗಿನ ಸೇನಾ ರೈಲು ಮಾರ್ಗದಲ್ಲಿ 1903ರ ಅಕ್ಟೋಬರ್‌ನಲ್ಲಿ ವಿದ್ಯುತ್ ರೈಲು ಬಂಡಿಯೊಂದು ಗಂಟೆಗೆ 210 ಕಿಲೋಮೀಟರ್ ವೇಗವನ್ನು ಮುಟ್ಟಿತು. ರೈಲಿನಲ್ಲಿ ಈ ದಾಖಲೆ 1931ರವರೆಗೆ ಮುರಿಯಲಿಲ್ಲ. 1909ರಲ್ಲಿ ಯೋಹಾನಿಸ್ತಾಲ್ ವಿಮಾನ ನಿಲ್ದಾಣ ತೆರೆಯಿತು. 1912ರಲ್ಲಿ ನೋವಾವೆಸ್ ಪಕ್ಕದ ನೊಯ್‌ಬಾಬೆಲ್ಸ್‌ಬರ್ಗ್‌ನಲ್ಲಿ, ಇಂದು ಬಾಬೆಲ್ಸ್‌ಬರ್ಗ್ ಎಂದು ಪ್ರಸಿದ್ಧವಾದ ಸ್ಟುಡಿಯೋದಲ್ಲಿ, ಚಲನಚಿತ್ರಗಳ ಚಿತ್ರೀಕರಣ ಆರಂಭವಾಯಿತು.

ರಾಜಧಾನಿಯ ಹಿತ್ತಲು

ಬರ್ಲಿನ್ ನಗರ ತನ್ನೊಳಗೆ ಇಟ್ಟುಕೊಳ್ಳಲಾಗದುದನ್ನು ಟೆಲ್ಟೊ ಜಿಲ್ಲೆಗೆ ಕಳುಹಿಸುತ್ತಿತ್ತು. 1870ರ ದಶಕದಲ್ಲಿ ಜೇಮ್ಸ್ ಹೋಬ್ರೆಖ್ಟ್ ಎಂಬ ಎಂಜಿನಿಯರ್ ರೂಪಿಸಿದ ಒಳಚರಂಡಿ ವ್ಯವಸ್ಥೆಯಲ್ಲಿ ನಗರದ ಕೊಳಚೆ ನೀರನ್ನು ಪಂಪುಗಳಿಂದ ಹೊರಗೆ ದೂಡಿ ಬಯಲಿನಲ್ಲಿ ಹರಡಿ ಇಂಗಿಸಲಾಗುತ್ತಿತ್ತು. ಅದಕ್ಕಾಗಿ ನಗರಸಭೆಯು ಓಸ್‌ಡೋರ್ಫ್, ಗ್ರೋಸ್‌ಬೇರೆನ್ ಮುಂತಾದ ಕಡೆಗಳಲ್ಲಿ ಜಿಲ್ಲೆಯ ಎಸ್ಟೇಟುಗಳನ್ನು ಕೊಂಡಿತು. ಕೊಳಚೆಯಿಂದ ಫಲವತ್ತಾದ ಆ ನೆಲದಲ್ಲಿ ತರಕಾರಿ ಬೆಳೆದು ಮರಳಿ ನಗರಕ್ಕೇ ಮಾರಲಾಗುತ್ತಿತ್ತು. 1909ರಲ್ಲಿ ಬರ್ಲಿನ್‌ನ ಚರ್ಚುಗಳು ಸ್ಟಾನ್ಸ್‌ಡೋರ್ಫ್ ಬಳಿಯ ಕಾಡಿನಲ್ಲಿ ವಿಶಾಲವಾದ ಸ್ಮಶಾನವನ್ನು ತೆರೆದವು. ವರ್ನರ್ ಫಾನ್ ಸೀಮೆನ್ಸ್, ಚಿತ್ರಕಾರ ಹೈನ್ರಿಖ್ ತ್ಸಿಲೆ, ಚಲನಚಿತ್ರ ನಿರ್ದೇಶಕ ಮುರ್ನೌ ಮೊದಲಾದವರ ಸಮಾಧಿಗಳು ಅಲ್ಲಿವೆ. ಸೈನ್ಯವು ದಕ್ಷಿಣದ ಕುಮ್ಮರ್ಸ್‌ಡೋರ್ಫ್‌ನಲ್ಲಿ ಫಿರಂಗಿ ಪರೀಕ್ಷೆಯ ನೆಲವನ್ನೂ, ತ್ಸೋಸೆನ್ ಮತ್ತು ವ್ಯೂನ್ಸ್‌ಡೋರ್ಫ್ ಸುತ್ತ ತರಬೇತಿಯ ಬಯಲನ್ನೂ ಪಡೆಯಿತು.

ಸ್ಟೂಬೆನ್‌ರೌಖ್ ಮತ್ತು ಟೆಲ್ಟೊ ಕಾಲುವೆ

1885ರಿಂದ 1908ರವರೆಗೆ ಲಾಂಡ್‌ರಾಟ್ ಆಗಿದ್ದ ಎರ್ನ್ಸ್ಟ್ ಫಾನ್ ಸ್ಟೂಬೆನ್‌ರೌಖ್ (1853-1909) ಜಿಲ್ಲೆಯ ಇತಿಹಾಸದಲ್ಲಿ ಅತ್ಯಂತ ಮುಖ್ಯನಾದ ಆಡಳಿತಗಾರ. ಅವನ ಕಾಲದಲ್ಲಿ ರಸ್ತೆಗಳು ಹೆಚ್ಚಿದವು. ಬ್ರಿಟ್ಸ್ ಮತ್ತು ಲಿಖ್ಟರ್‌ಫೆಲ್ಡೆಗಳಲ್ಲಿ ಜಿಲ್ಲಾ ಆಸ್ಪತ್ರೆಗಳು ಆರಂಭವಾದವು. ಆದರೆ ಅವನ ಹೆಸರು ಉಳಿದಿರುವುದು ಕಾಲುವೆಯಿಂದ.

ಕಾಲುವೆಯ ಮೂಲ ಉದ್ದೇಶ ಹಡಗು ಸಂಚಾರಕ್ಕಿಂತ ಹೆಚ್ಚಾಗಿ ಚರಂಡಿಯೇ ಆಗಿತ್ತು. ಜಿಲ್ಲೆಯ ಉತ್ತರದ ಹಳ್ಳಿಗಳಲ್ಲಿ ಮನೆಗಳು ಹೆಚ್ಚಿದಂತೆ ಮಳೆನೀರೂ ಬಳಸಿದ ನೀರೂ ಹರಿದುಹೋಗಲು ಬೇಕೆ ಎಂಬ ಒಂದು ಸಣ್ಣ ತೊರೆಯನ್ನು ಬಿಟ್ಟರೆ ದಾರಿಯಿರಲಿಲ್ಲ. ಆ ತೊರೆಯನ್ನು ಅಗಲಿಸುವ ಯೋಚನೆ, ಹಾಗೆ ಮಾಡುವುದಾದರೆ ಅದನ್ನು ಪೂರ್ವದ ದಾಮೆ ನದಿಯವರೆಗೆ ಒಯ್ದು ಬರ್ಲಿನ್ ನಗರವನ್ನು ಬಳಸಿಹೋಗುವ ಜಲಮಾರ್ಗವನ್ನೇ ಏಕೆ ಮಾಡಬಾರದು ಎಂಬ ಯೋಜನೆಯಾಗಿ ಬೆಳೆಯಿತು. ಹಾವೆಸ್ಟಾಟ್ ಮತ್ತು ಕೊಂಟಾಗ್ ಎಂಬ ಎಂಜಿನಿಯರರ ಸಂಸ್ಥೆ ನಕ್ಷೆಯನ್ನು ಸಿದ್ಧಪಡಿಸಿತು. 1900ರ ಡಿಸೆಂಬರ್ 22ರಂದು ಕೆಲಸ ಆರಂಭವಾಗಿ, 1906ರ ಜೂನ್ 2ರಂದು ಚಕ್ರವರ್ತಿ ಎರಡನೆಯ ವಿಲ್ಹೆಲ್ಮ್ ಕಾಲುವೆಯನ್ನು ಉದ್ಘಾಟಿಸಿದನು.

ಹಾಫೆಲ್ ನದಿಯ ಕಡೆಯಿಂದ ದಾಮೆ ನದಿಯವರೆಗೆ ಇದರ ಉದ್ದ ಸುಮಾರು 38 ಕಿಲೋಮೀಟರ್. ಎರಡು ನದಿಗಳ ನೀರಿನ ಮಟ್ಟದಲ್ಲಿ ಸುಮಾರು ಮೂರು ಮೀಟರ್ ಅಂತರವಿರುವುದರಿಂದ, ದೋಣಿಗಳನ್ನು ಏರಿಸಿ ಇಳಿಸುವ ಜಲಕೋಣೆಯನ್ನು ಕ್ಲೈನ್‌ಮಾಖ್ನೊದಲ್ಲಿ ಕಟ್ಟಲಾಯಿತು. ದೋಣಿಗಳನ್ನು ದಡದ ಮೇಲೆ ಹಳಿಗಳಲ್ಲಿ ಓಡುವ ವಿದ್ಯುತ್ ಎಂಜಿನ್ನುಗಳು ಹಗ್ಗ ಕಟ್ಟಿ ಎಳೆಯುತ್ತಿದ್ದವು. ಹೊಗೆ ಮತ್ತು ಅಲೆಗಳಿಂದ ದಡವನ್ನು ಕಾಪಾಡಿದ ಈ ವ್ಯವಸ್ಥೆ 1945ರವರೆಗೆ ನಡೆಯಿತು.

ಇಷ್ಟು ದೊಡ್ಡ ಕಾಮಗಾರಿಯನ್ನು ಕೈಗೊಂಡುದು ಪ್ರಷ್ಯಾ ಸರ್ಕಾರವೂ ಅಲ್ಲ, ಬರ್ಲಿನ್ ನಗರವೂ ಅಲ್ಲ. ಒಂದು ಗ್ರಾಮೀಣ ಜಿಲ್ಲೆ ಎಂಬುದೇ ಇದರ ವಿಶೇಷ. ಅದಕ್ಕೆ ಬೇಕಾದ ಸಾಲವನ್ನು ಎತ್ತಲು ಜಿಲ್ಲೆಗೆ ಆಧಾರವಾದದ್ದು ಉತ್ತರದ ಬೆಳೆಯುತ್ತಿದ್ದ ಹಳ್ಳಿಗಳ ತೆರಿಗೆ. ಕಾಲುವೆ ಬಂದ ಮೇಲೆ ಅದರ ದಡದಲ್ಲಿ ಕಾರ್ಖಾನೆಗಳು ನೆಲೆಸಿದವು. ಹಳ್ಳಿಗಳು ಇನ್ನಷ್ಟು ನಗರವಾದವು. ಸ್ಟೂಬೆನ್‌ರೌಖ್ 1908ರಲ್ಲಿ ಬರ್ಲಿನ್‌ನ ಪೊಲೀಸ್ ಮುಖ್ಯಸ್ಥನಾಗಿ ಹೋಗಿ ಮರುವರ್ಷವೇ ತೀರಿಕೊಂಡನು. ಅವನ ನಂತರ ಬಂದ ಅಡಾಲ್ಫ್ ಫಾನ್ ಆಖೆನ್‌ಬಾಖ್ 1931ರವರೆಗೆ ಅಧಿಕಾರದಲ್ಲಿದ್ದನು. ಜಿಲ್ಲೆಯ ಉತ್ತರ ಭಾಗ ಕೈಬಿಟ್ಟುಹೋದದ್ದು ಇವನ ಅವಧಿಯಲ್ಲಿ.

ಬೇರ್ಪಟ್ಟ ನಗರಗಳು

ಟೆಲ್ಟೊ ಜಿಲ್ಲೆಯ ನೆಲ ಕರಗಲಾರಂಭಿಸಿದ್ದು 1861ರಲ್ಲಿ. ಆ ವರ್ಷ ಟೆಂಪೆಲ್‌ಹೋಫ್ ಮತ್ತು ಶೋನೆಬರ್ಗ್‌ಗಳ ನಗರಕ್ಕೆ ಹತ್ತಿರದ ಭಾಗಗಳನ್ನು ಬರ್ಲಿನ್‌ಗೆ ಸೇರಿಸಲಾಯಿತು. 1877ರಲ್ಲಿ ಶಾರ್ಲೊಟೆನ್‌ಬರ್ಗ್ ನಗರ ಜಿಲ್ಲೆಯಾಗಿ ಹೊರಬಿತ್ತು. 1899ರಲ್ಲಿ ಶೋನೆಬರ್ಗ್ ಮತ್ತು ರಿಕ್ಸ್‌ಡೋರ್ಫ್ ಎರಡೂ ಬೇರ್ಪಟ್ಟವು. ಅದಕ್ಕೆ ಮುಂಚೆ ರಿಕ್ಸ್‌ಡೋರ್ಫ್ ಸುಮಾರು 90,000 ಜನರಿದ್ದೂ ಕಾನೂನಿನ ದೃಷ್ಟಿಯಲ್ಲಿ ಹಳ್ಳಿಯಾಗಿಯೇ ಉಳಿದಿತ್ತು. 1912ರಲ್ಲಿ ಅದು ನೊಯ್‌ಕೋಲ್ನ್ ಎಂಬ ಹೊಸ ಹೆಸರನ್ನು ಪಡೆಯಿತು. ವಿಲ್ಮರ್ಸ್‌ಡೋರ್ಫ್ 1907ರಲ್ಲಿಯೂ ಕೋಪೆನಿಕ್ 1909ರಲ್ಲಿಯೂ ಇದೇ ದಾರಿ ಹಿಡಿದವು. ಸ್ಟೆಗ್ಲಿಟ್ಸ್ ಮಾತ್ರ ಕೊನೆಯವರೆಗೂ ನಗರದ ಪಟ್ಟ ದೊರೆಯದೆ, 80,000ಕ್ಕೂ ಹೆಚ್ಚು ಜನರಿದ್ದ 'ಪ್ರಷ್ಯಾದ ಅತಿ ದೊಡ್ಡ ಹಳ್ಳಿ' ಎನಿಸಿಕೊಂಡಿತು.

ಕೋಪೆನಿಕ್ ಇನ್ನೂ ಟೆಲ್ಟೊ ಜಿಲ್ಲೆಯಲ್ಲಿದ್ದಾಗಲೇ, 1906ರ ಅಕ್ಟೋಬರ್ 16ರಂದು, ವಿಲ್ಹೆಲ್ಮ್ ಫೋಗ್ಟ್ ಎಂಬ ಚಮ್ಮಾರನು ಹಳೆಯ ಸೇನಾ ಸಮವಸ್ತ್ರವನ್ನು ತೊಟ್ಟು, ದಾರಿಯಲ್ಲಿ ಸಿಕ್ಕ ಸೈನಿಕರನ್ನು ತನ್ನ ಹಿಂದೆ ನಡೆಸಿಕೊಂಡು ಪುರಭವನಕ್ಕೆ ಹೋಗಿ, ಮೇಯರನ್ನು ಬಂಧಿಸಿ ಖಜಾನೆಯ ಹಣವನ್ನು ತೆಗೆದುಕೊಂಡು ಹೋದನು. ಸಮವಸ್ತ್ರ ಕಂಡೊಡನೆ ತಲೆಬಾಗುವ ಪ್ರಷ್ಯಾದ ಆಡಳಿತವನ್ನು ಈ ಪ್ರಸಂಗ ಜಗತ್ತಿನೆದುರು ನಗೆಪಾಟಲಿಗೆ ಗುರಿಮಾಡಿತು.

ಮೊದಲ ಮಹಾಯುದ್ಧ ಮತ್ತು ಭಾರತೀಯ ಸೆರೆಯಾಳುಗಳು

ಬರ್ಲಿನ್‌ನಿಂದ ಸುಮಾರು 40 ಕಿಲೋಮೀಟರ್ ದಕ್ಷಿಣದ ವ್ಯೂನ್ಸ್‌ಡೋರ್ಫ್‌ನಲ್ಲಿ 1915ರಲ್ಲಿ 'ಅರ್ಧಚಂದ್ರ ಶಿಬಿರ' ಎಂಬ ಹೆಸರಿನ ಯುದ್ಧಕೈದಿಗಳ ಶಿಬಿರ ಆರಂಭವಾಯಿತು. ಬ್ರಿಟಿಷ್ ಮತ್ತು ಫ್ರೆಂಚ್ ಸೇನೆಗಳಲ್ಲಿ ಹೋರಾಡಿ ಸೆರೆಸಿಕ್ಕ ಉತ್ತರ ಆಫ್ರಿಕದವರನ್ನೂ ಭಾರತೀಯರನ್ನೂ ಇಲ್ಲಿ ಇರಿಸಲಾಯಿತು. ಅವರ ಮನವೊಲಿಸಿ ತಮ್ಮ ಒಡೆಯರ ವಿರುದ್ಧವೇ ತಿರುಗಿಸುವುದು ಜರ್ಮನ್ ಸರ್ಕಾರದ ಉದ್ದೇಶವಾಗಿತ್ತು. ಆದ್ದರಿಂದ ಮುಸಲ್ಮಾನ ಕೈದಿಗಳಿಗಾಗಿ ಮರದ ಮಸೀದಿಯೊಂದನ್ನು ಕಟ್ಟಿ 1915ರ ಜುಲೈನಲ್ಲಿ, ರಂಜಾನ್ ತಿಂಗಳ ಆರಂಭಕ್ಕೆ, ತೆರೆಯಲಾಯಿತು. ಪ್ರಾರ್ಥನೆಗೆಂದೇ ಜರ್ಮನಿಯಲ್ಲಿ ಕಟ್ಟಿದ ಮೊದಲ ಮಸೀದಿ ಇದು. 1920ರ ದಶಕದ ನಡುವಿನಲ್ಲಿ ಇದನ್ನು ಕೆಡವಲಾಯಿತು. ವೀರೇಂದ್ರನಾಥ ಚಟ್ಟೋಪಾಧ್ಯಾಯ ಮೊದಲಾದ ಕ್ರಾಂತಿಕಾರಿಗಳಿದ್ದ ಬರ್ಲಿನ್‌ನ ಭಾರತೀಯ ಸಮಿತಿಯು ಕೈದಿಗಳ ನಡುವೆ ಸ್ವಾತಂತ್ರ್ಯದ ಪ್ರಚಾರ ನಡೆಸಿತು. ಹಿಂದಿ ಮತ್ತು ಉರ್ದು ಭಾಷೆಗಳಲ್ಲಿ 'ಹಿಂದೋಸ್ತಾನ್' ಎಂಬ ಪತ್ರಿಕೆಯನ್ನು ಅವರಿಗಾಗಿ ಹೊರಡಿಸಲಾಗುತ್ತಿತ್ತು. ಆದರೆ ನಿರೀಕ್ಷಿಸಿದಷ್ಟು ಫಲ ದೊರೆಯಲಿಲ್ಲ.

ಪ್ರಚಾರಕ್ಕಿಂತ ಹೆಚ್ಚು ಕಾಲ ಉಳಿದುದು ಕೈದಿಗಳ ಧ್ವನಿ. ವಿಲ್ಹೆಲ್ಮ್ ಡೋಗೆನ್ ಸಂಘಟಿಸಿದ ಪ್ರಷ್ಯನ್ ಧ್ವನಿಮುದ್ರಣ ಆಯೋಗವು 1915ರಿಂದ 1918ರವರೆಗೆ ಜರ್ಮನಿಯ ಶಿಬಿರಗಳಲ್ಲಿ ಹತ್ತಾರು ಭಾಷೆಗಳ ಮಾತು, ಕಥೆ, ಹಾಡುಗಳನ್ನು ಧ್ವನಿಮುದ್ರಿಸಿಕೊಂಡಿತು. ಹಾಗೆ ಮುದ್ರಿತವಾದವುಗಳಲ್ಲಿ ಪಂಜಾಬಿ, ಹಿಂದಿ, ಬಂಗಾಳಿ, ನೇಪಾಳಿ ಧ್ವನಿಗಳೂ ಇವೆ. ವಿದ್ವಾಂಸರಿಗೆ ಬೇಕಾಗಿದ್ದುದು ಭಾಷೆಯ ಮಾದರಿ. ಕೆಲವು ಕೈದಿಗಳು ಆ ಕೆಲವೇ ನಿಮಿಷಗಳಲ್ಲಿ ಊರಿಗೆ ಮರಳುವ ಹಂಬಲವನ್ನು ತೋಡಿಕೊಂಡರು. ಆ ತಟ್ಟೆಗಳು ಈಗ ಬರ್ಲಿನ್‌ನ ಹುಂಬೋಲ್ಟ್ ವಿಶ್ವವಿದ್ಯಾಲಯದ ಧ್ವನಿ ಸಂಗ್ರಹಾಲಯದಲ್ಲಿವೆ. 2007ರಲ್ಲಿ ಫಿಲಿಪ್ ಶೆಫ್ನರ್ ಇವನ್ನು ಆಧರಿಸಿ 'ದಿ ಹಾಫ್‌ಮೂನ್ ಫೈಲ್ಸ್' ಎಂಬ ಸಾಕ್ಷ್ಯಚಿತ್ರವನ್ನು ತಯಾರಿಸಿದನು.

ಚಳಿ ಮತ್ತು ಕ್ಷಯರೋಗದಿಂದ ಅನೇಕರು ಸತ್ತುದರಿಂದ 1917ರಲ್ಲಿ ಭಾರತೀಯ ಕೈದಿಗಳನ್ನು ರುಮೇನಿಯಾಕ್ಕೆ ಸಾಗಿಸಲಾಯಿತು. ಸತ್ತವರನ್ನು ಸೈನ್ಯದ ತರಬೇತಿಯ ಬಯಲಿನೊಳಗಿದ್ದ ತ್ಸೇರೆನ್ಸ್‌ಡೋರ್ಫ್ ಹಳ್ಳಿಯ ಬಳಿ ಮಣ್ಣುಮಾಡಲಾಗಿತ್ತು. ಅಲ್ಲಿನ ಭಾರತೀಯ ಸಮಾಧಿಭೂಮಿಯಲ್ಲಿ 206 ಮಂದಿಯ ಸ್ಮರಣೆಯಿದೆ. ಎರಡನೆಯ ಮಹಾಯುದ್ಧದ ನಂತರ ಈ ಬಯಲು ಸೋವಿಯತ್ ಸೇನೆಯ ವಶದಲ್ಲಿದ್ದುದರಿಂದ ದಶಕಗಳ ಕಾಲ ಅತ್ತ ಯಾರೂ ಹೋಗುವಂತಿರಲಿಲ್ಲ. ಆ ಸೇನೆ ತೆರಳಿದ ಮೇಲೆ ಸಮಾಧಿಭೂಮಿಯನ್ನು ದುರಸ್ತಿಗೊಳಿಸಿ 2005ರಲ್ಲಿ ಮರಳಿ ಅರ್ಪಿಸಲಾಯಿತು.

ಮಹಾ ಬರ್ಲಿನ್ ಕಾನೂನು, 1920

ಬರ್ಲಿನ್ ಮತ್ತು ಅದರ ಸುತ್ತಲಿನ ಊರುಗಳು ಒಂದಕ್ಕೊಂದು ಅಂಟಿಕೊಂಡು ಬೆಳೆದಿದ್ದರೂ ನೀರು, ಟ್ರಾಮ್, ತೆರಿಗೆ ಎಲ್ಲವೂ ಊರಿಗೊಂದು ಬಗೆಯಾಗಿದ್ದವು. 1912ರಲ್ಲಿ ಬರ್ಲಿನ್ ನಗರ, ನೆರೆಯ ನಗರಗಳು ಹಾಗೂ ಟೆಲ್ಟೊ ಮತ್ತು ನೀಡರ್‌ಬಾರ್ನಿಮ್ ಜಿಲ್ಲೆಗಳು ಸೇರಿ ಒಂದು ಜಂಟಿ ಮಂಡಳಿಯನ್ನು ರಚಿಸಿಕೊಂಡವು. ಅದರ ಅಧಿಕಾರ ಸೀಮಿತವಾಗಿತ್ತಾದರೂ 1915ರಲ್ಲಿ ಅದು ಪ್ರಷ್ಯಾ ಸರ್ಕಾರದಿಂದ 50 ಮಿಲಿಯನ್ ಮಾರ್ಕುಗಳಿಗೆ ಸುಮಾರು 10,000 ಹೆಕ್ಟೇರ್ ಕಾಡನ್ನು ಕೊಂಡು, ಅದನ್ನು ಎಂದೆಂದಿಗೂ ಕಾಡಾಗಿಯೇ ಉಳಿಸುವ ಒಪ್ಪಂದ ಮಾಡಿಕೊಂಡಿತು. ಬರ್ಲಿನ್‌ನ ಗ್ರುನೆವಾಲ್ಡ್ ಕಾಡು ಇಂದಿಗೂ ಉಳಿದಿರುವುದಕ್ಕೆ ಈ ಒಪ್ಪಂದ ಮುಖ್ಯ ಕಾರಣ.

ರಾಜಪ್ರಭುತ್ವ ಕೊನೆಗೊಂಡ ಬಳಿಕ, 1920ರ ಏಪ್ರಿಲ್ 27ರಂದು ಪ್ರಷ್ಯಾದ ಶಾಸನಸಭೆಯು ಮಹಾ ಬರ್ಲಿನ್ ಕಾನೂನನ್ನು 165 ಮತಗಳಿಂದ ಅಂಗೀಕರಿಸಿತು. ವಿರುದ್ಧವಾಗಿ 148 ಮತಗಳು ಬಿದ್ದವು. ಎಡಪಕ್ಷಗಳು ಒಂದೇ ನಗರ, ಒಂದೇ ತೆರಿಗೆ ಎಂಬುದನ್ನು ಬಯಸಿದರೆ, ಸಿರಿವಂತ ಉಪನಗರಗಳು ತಮ್ಮ ಹಣ ಬಡ ಬಡಾವಣೆಗಳ ಪಾಲಾಗುವುದೆಂದು ವಿರೋಧಿಸಿದವು. ಕಾನೂನು ಜಾರಿಗೆ ಬಂದ ಅಕ್ಟೋಬರ್ 1ರಂದು ಬರ್ಲಿನ್‌ನೊಡನೆ 7 ನಗರಗಳು, 59 ಹಳ್ಳಿಗಳು ಮತ್ತು 27 ಎಸ್ಟೇಟುಗಳು ಕೂಡಿದವು. ನಗರದ ವಿಸ್ತೀರ್ಣ 66 ಚದರ ಕಿಲೋಮೀಟರಿನಿಂದ 878 ಚದರ ಕಿಲೋಮೀಟರಿಗೆ, ಜನಸಂಖ್ಯೆ ಸುಮಾರು 19 ಲಕ್ಷದಿಂದ 38 ಲಕ್ಷಕ್ಕೆ ಏರಿತು.

ಟೆಲ್ಟೊ ಜಿಲ್ಲೆಯು ಸ್ಟೆಗ್ಲಿಟ್ಸ್, ಲಿಖ್ಟರ್‌ಫೆಲ್ಡೆ, ತ್ಸೇಲೆನ್‌ಡೋರ್ಫ್, ದಾಲೆಮ್, ಟೆಂಪೆಲ್‌ಹೋಫ್, ಮರಿಯೆನ್‌ಡೋರ್ಫ್, ಬ್ರಿಟ್ಸ್, ರೂಡೊ, ಟ್ರೆಪ್ಟೊ, ಯೋಹಾನಿಸ್ತಾಲ್ ಮೊದಲಾದ ಊರುಗಳನ್ನು ಒಂದೇ ದಿನದಲ್ಲಿ ಕಳೆದುಕೊಂಡಿತು. ಜಿಲ್ಲೆಯ ನಿವಾಸಿಗಳಲ್ಲಿ ಬಹುಪಾಲು ಜನ ಬರ್ಲಿನ್‌ನವರಾದರು. ಸ್ಟೂಬೆನ್‌ರೌಖ್ ಕಟ್ಟಿಸಿದ ಆಸ್ಪತ್ರೆಗಳು ಇದ್ದ ನೆಲವೂ, ಕಾಲುವೆಯ ಹೆಚ್ಚಿನ ಭಾಗವೂ ಈಗ ಜಿಲ್ಲೆಯ ಹೊರಗಿದ್ದವು. ಉಳಿದ ಜಿಲ್ಲೆಯಲ್ಲಿ ನೋವಾವೆಸ್ ಒಂದೇ ಗಣನೀಯ ಕೈಗಾರಿಕಾ ಊರು. 1924ರಲ್ಲಿ ಅದು ಪಟ್ಟಣವಾಯಿತು.

1920ರಿಂದ 1945ರವರೆಗೆ

ಕುಗ್ಗಿದ ಜಿಲ್ಲೆಯ ಈ ಕಾಲದ ಮೊದಲ ದೊಡ್ಡ ಸುದ್ದಿ ಕೋನಿಗ್ಸ್ ವುಸ್ಟರ್‌ಹೌಸೆನ್‌ನಿಂದ ಬಂದಿತು. 1920ರ ಡಿಸೆಂಬರ್ 22ರಂದು ಅಲ್ಲಿನ ಅಂಚೆ ಇಲಾಖೆಯ ನೌಕರರು ತಾವೇ ವಾದ್ಯಗಳನ್ನು ನುಡಿಸಿ ಪ್ರಸಾರ ಮಾಡಿದ ಕ್ರಿಸ್‌ಮಸ್ ಸಂಗೀತ ಕಾರ್ಯಕ್ರಮವು ಜರ್ಮನ್ ರೇಡಿಯೋದ ಆರಂಭವೆಂದು ಗಣಿಸಲ್ಪಡುತ್ತದೆ. 1928ರಲ್ಲಿ ಪ್ರಷ್ಯಾದಾದ್ಯಂತ ಎಸ್ಟೇಟುಗಳ ಪ್ರತ್ಯೇಕ ಆಡಳಿತ ರದ್ದಾದಾಗ ಇಲ್ಲಿನ ಎಸ್ಟೇಟುಗಳೂ ನೆರೆಯ ಹಳ್ಳಿಗಳಲ್ಲಿ ಸೇರಿಹೋದವು.

ನಾಜಿ ಆಳ್ವಿಕೆಯಲ್ಲಿ ಜಿಲ್ಲೆಯ ಮೇಲೆ ಸೈನ್ಯದ ಹಿಡಿತ ಹೆಚ್ಚಿತು. ಕುಮ್ಮರ್ಸ್‌ಡೋರ್ಫ್‌ನಲ್ಲಿ 1932ರಿಂದ ವರ್ನರ್ ಫಾನ್ ಬ್ರೌನ್ ಸೇರಿದಂತೆ ತಜ್ಞರು ರಾಕೆಟ್ ಎಂಜಿನ್ನುಗಳನ್ನು ಪರೀಕ್ಷಿಸುತ್ತಿದ್ದರು. ವ್ಯೂನ್ಸ್‌ಡೋರ್ಫ್‌ನಲ್ಲಿ ಭೂಸೇನೆಯ ಮುಖ್ಯ ಕಚೇರಿಗಾಗಿ ಹಳ್ಳಿಯ ಮನೆಗಳಂತೆ ಕಾಣುವ ಕಾಂಕ್ರೀಟ್ ಬಂಕರುಗಳನ್ನು ಕಟ್ಟಲಾಯಿತು. 1936ರಿಂದ ಲುಡ್ವಿಗ್ಸ್‌ಫೆಲ್ಡೆ ಬಳಿಯ ಗೆನ್ಸ್‌ಹಾಗೆನ್‌ನಲ್ಲಿ ಡೈಮ್ಲರ್-ಬೆಂಜ್ ಸಂಸ್ಥೆಯ ವಿಮಾನ ಎಂಜಿನ್ ಕಾರ್ಖಾನೆ ಬೆಳೆಯಿತು. ಯುದ್ಧಕಾಲದಲ್ಲಿ ಅಲ್ಲಿ ಹೊರದೇಶಗಳಿಂದ ಬಲವಂತವಾಗಿ ತಂದವರನ್ನೂ, 1944ರಿಂದ ರಾವೆನ್ಸ್‌ಬ್ರ್ಯೂಕ್ ಬಂಧನ ಶಿಬಿರದ ಮಹಿಳೆಯರನ್ನೂ ದುಡಿಸಿಕೊಳ್ಳಲಾಯಿತು. ಗ್ರೋಸ್‌ಬೇರೆನ್‌ನಲ್ಲಿ ಗೆಸ್ಟಾಪೊ 1942ರಿಂದ ಒಂದು ಶಿಕ್ಷಾ ಶಿಬಿರವನ್ನು ನಡೆಸಿತು. ನೋವಾವೆಸ್ ಮತ್ತು ನೊಯ್‌ಬಾಬೆಲ್ಸ್‌ಬರ್ಗ್‌ಗಳನ್ನು 1938ರಲ್ಲಿ ಸೇರಿಸಿ ಬಾಬೆಲ್ಸ್‌ಬರ್ಗ್ ಎಂಬ ಹೆಸರು ಕೊಡಲಾಯಿತು. 1939ರ ಏಪ್ರಿಲ್‌ನಲ್ಲಿ ಅದು ಪೋಟ್ಸ್‌ಡಾಮ್ ನಗರಕ್ಕೆ ಸೇರಿ ಜಿಲ್ಲೆಯಿಂದ ಹೊರಬಿತ್ತು.

1945ರ ಏಪ್ರಿಲ್‌ನಲ್ಲಿ ಮಾರ್ಷಲ್ ಕೊನೆವ್‌ನ ಸೋವಿಯತ್ ಪಡೆಗಳು ದಕ್ಷಿಣದಿಂದ ನುಗ್ಗಿ ತ್ಸೋಸೆನ್ ಮತ್ತು ವ್ಯೂನ್ಸ್‌ಡೋರ್ಫ್‌ಗಳನ್ನು ವಶಪಡಿಸಿಕೊಂಡವು. ಏಪ್ರಿಲ್ 24ರಂದು ಅವು ದಾಟಿದ ಟೆಲ್ಟೊ ಕಾಲುವೆ ನಗರದ ದಕ್ಷಿಣದ ರಕ್ಷಣಾ ರೇಖೆಗಳಲ್ಲಿ ಒಂದಾಗಿತ್ತು. ಅದರ ಸೇತುವೆಗಳಲ್ಲಿ ಹೆಚ್ಚಿನವನ್ನು ಹಿಮ್ಮೆಟ್ಟುತ್ತಿದ್ದ ಜರ್ಮನ್ನರೇ ಸಿಡಿಸಿದ್ದರು.

ವಿಸರ್ಜನೆ ಮತ್ತು ನಂತರ

ಯುದ್ಧಾನಂತರ ಜಿಲ್ಲೆಯು ಸೋವಿಯತ್ ವಲಯದಲ್ಲಿಯೂ, ಹಿಂದೆ ಅದರದಾಗಿದ್ದ ಉತ್ತರದ ಬಡಾವಣೆಗಳಲ್ಲಿ ಹೆಚ್ಚಿನವು ಅಮೆರಿಕನ್ ವಲಯದಲ್ಲಿಯೂ ಉಳಿದವು. 1947ರಲ್ಲಿ ಪ್ರಷ್ಯಾ ರಾಜ್ಯವೇ ರದ್ದಾಯಿತು. 1952ರ ಜುಲೈನಲ್ಲಿ ಪೂರ್ವ ಜರ್ಮನಿಯು ರಾಜ್ಯಗಳ ಬದಲು ಹೊಸ ವಿಭಾಗಗಳನ್ನು ರಚಿಸಿದಾಗ ಟೆಲ್ಟೊ ಜಿಲ್ಲೆಯನ್ನು ವಿಸರ್ಜಿಸಿ, ಅದರ ಪ್ರದೇಶವನ್ನು ಮುಖ್ಯವಾಗಿ ತ್ಸೋಸೆನ್, ಕೋನಿಗ್ಸ್ ವುಸ್ಟರ್‌ಹೌಸೆನ್ ಮತ್ತು ಪೋಟ್ಸ್‌ಡಾಮ್ ಗ್ರಾಮಾಂತರ ಎಂಬ ಜಿಲ್ಲೆಗಳ ನಡುವೆ ಹಂಚಲಾಯಿತು. ಇವೆಲ್ಲವೂ ಪೋಟ್ಸ್‌ಡಾಮ್ ವಿಭಾಗಕ್ಕೆ ಸೇರಿದ್ದವು.

1920ರಲ್ಲಿ ಬರ್ಲಿನ್ ಮತ್ತು ಟೆಲ್ಟೊ ಜಿಲ್ಲೆಗಳ ನಡುವೆ ಎಳೆದ ಗಡಿಯೇ 1961ರಲ್ಲಿ ಬರ್ಲಿನ್ ಗೋಡೆಯ ದಕ್ಷಿಣದ ಸಾಲಾಯಿತು. ತ್ಸೇಲೆನ್‌ಡೋರ್ಫ್ ಮತ್ತು ಟೆಲ್ಟೊ ಪಟ್ಟಣಗಳ ನಡುವೆ ಆ ಗಡಿ ಸ್ವಲ್ಪ ದೂರ ಕಾಲುವೆಯ ನೀರಿನಲ್ಲಿಯೇ ಹಾದುಹೋಗುತ್ತಿತ್ತು. ಯುದ್ಧದ ಕೊನೆಯಿಂದ ಪಶ್ಚಿಮದ ಕಡೆಗೆ ಮುಚ್ಚಿಹೋಗಿದ್ದ ಕಾಲುವೆ, ಎರಡು ಜರ್ಮನಿಗಳ ನಡುವಿನ ಒಪ್ಪಂದದ ನಂತರ 1981ರ ನವೆಂಬರ್ 20ರಂದು ಪಶ್ಚಿಮ ಬರ್ಲಿನ್‌ನ ಹಡಗುಗಳಿಗೆ ಮತ್ತೆ ತೆರೆಯಿತು. ವ್ಯೂನ್ಸ್‌ಡೋರ್ಫ್‌ನಲ್ಲಿ ಪೂರ್ವ ಜರ್ಮನಿಯಲ್ಲಿದ್ದ ಸೋವಿಯತ್ ಪಡೆಗಳ ಮುಖ್ಯ ಕಚೇರಿಯಿತ್ತು. ಕೊನೆಯ ಸೈನಿಕರು 1994ರಲ್ಲಿ ಹೊರಟರು.

ಜರ್ಮನಿಯ ಏಕೀಕರಣದ ಬಳಿಕ 1993ರ ಡಿಸೆಂಬರ್‌ನಲ್ಲಿ ಯೂಟರ್‌ಬೋಗ್, ಲುಕೆನ್‌ವಾಲ್ಡೆ ಮತ್ತು ತ್ಸೋಸೆನ್ ಜಿಲ್ಲೆಗಳನ್ನು ಒಂದುಗೂಡಿಸಿ ಟೆಲ್ಟೊ-ಫ್ಲೇಮಿಂಗ್ ಎಂಬ ಹೊಸ ಜಿಲ್ಲೆಯನ್ನು ರಚಿಸಲಾಯಿತು. ಲುಕೆನ್‌ವಾಲ್ಡೆ ಅದರ ಕೇಂದ್ರ. ಹಳೆಯ ಜಿಲ್ಲೆಯ ಪೂರ್ವ ಭಾಗ ಈಗ ದಾಮೆ-ಸ್ಪ್ರೇವಾಲ್ಡ್ ಜಿಲ್ಲೆಯಲ್ಲಿದೆ. ಟೆಲ್ಟೊ ಪಟ್ಟಣ ಮಾತ್ರ ತನ್ನ ಹೆಸರನ್ನು ಹೊತ್ತ ಹೊಸ ಜಿಲ್ಲೆಗೆ ಸೇರದೆ, ನೆರೆಯ ಪೋಟ್ಸ್‌ಡಾಮ್-ಮಿಟ್ಟೆಲ್‌ಮಾರ್ಕ್ ಜಿಲ್ಲೆಯಲ್ಲಿದೆ.